ಇಸುಬು ಕೆರಳುವುದಕ್ಕೆ ಮನಸ್ಸೇ ಕಾರಣವೇ?

ಪ್ರಶ್ನೆ: ನನಗೆ 34 ವರ್ಷ. ಬಾಲ್ಯದಿಂದಲೂ ಮೊಣಕೈ ಮಡಿಕೆಯಲ್ಲಿ ಮತ್ತು ಕತ್ತಿನ ಹಿಂಭಾಗದಲ್ಲಿ ಇಸುಬು ಇದೆ. ಕೆಲಸದ ಒತ್ತಡ ಹೆಚ್ಚಾದಾಗಲೆಲ್ಲ ಅದು ಕೆರಳುತ್ತದೆ. ತುರಿಕೆಯಿಂದ ರಾತ್ರಿ ನಿದ್ದೆ ಬರುವುದಿಲ್ಲ. ನಾಲ್ಕು ಜನರ ನಡುವೆ ಹೋಗಲು ಮುಜುಗರವಾಗುತ್ತದೆ. ‘ಎಲ್ಲವೂ ನಿನ್ನ ಮನಸ್ಸಿನದೇ, ಚಿಂತೆ ಬಿಟ್ಟರೆ ವಾಸಿಯಾಗುತ್ತದೆ’ ಎಂದು ಮನೆಯವರು ಹೇಳುತ್ತಾರೆ. ಚರ್ಮದ ಚಿಕಿತ್ಸೆ ನಿಲ್ಲಿಸಿ ಮನೋವೈದ್ಯರನ್ನು ಕಾಣಬೇಕೇ?

ಉತ್ತರ: ಚಿಕಿತ್ಸೆಯನ್ನು ದಯವಿಟ್ಟು ನಿಲ್ಲಿಸಬೇಡಿ. ಇಸುಬು ನೀವು ಚಿಂತೆ ಮಾಡಿ ತಂದುಕೊಂಡ ಕಾಯಿಲೆಯಲ್ಲ. ಅನುವಂಶೀಯತೆ, ಚರ್ಮದ ರಕ್ಷಣಾ ಪದರದ ದೌರ್ಬಲ್ಯ ಮತ್ತು ರೋಗನಿರೋಧಕ ವ್ಯವಸ್ಥೆಯ ಅತಿಯಾದ ಪ್ರತಿಕ್ರಿಯೆ ಸೇರಿ ಅದು ಉಂಟಾಗುತ್ತದೆ. ಆದರೆ ಇರುವ ಕಾಯಿಲೆಯನ್ನು ಒತ್ತಡ ಕೆರಳಿಸುತ್ತದೆ ಎಂದು ನೀವು ಗಮನಿಸಿರುವುದು ನಿಜ.

ಭ್ರೂಣದಲ್ಲಿ ಮಿದುಳು ಮತ್ತು ಚರ್ಮದ ಹೊರಪದರ ಒಂದೇ ಮೂಲಪದರದಿಂದ ರೂಪುಗೊಳ್ಳುತ್ತವೆ. ಅವುಗಳ ನಂಟು ಬದುಕಿನುದ್ದಕ್ಕೂ ಉಳಿಯುತ್ತದೆ. ಮನಸ್ಸು ಉದ್ವೇಗಗೊಂಡಾಗ ಚರ್ಮದ ನರತುದಿಗಳು ಸ್ರವಿಸುವ ಕೆಲವು ರಾಸಾಯನಿಕಗಳು ಅಲ್ಲಿನ ಮಾಸ್ಟ್ ಕೋಶಗಳೆಂಬ ರೋಗನಿರೋಧಕ ಕೋಶಗಳನ್ನು ಪ್ರಚೋದಿಸುತ್ತವೆ, ಅವುಗಳಿಂದ ಹಿಸ್ಟಮೀನ್ ಮೊದಲಾದ ಉರಿಯೂತಕಾರಿ ವಸ್ತುಗಳು ಬಿಡುಗಡೆಯಾಗಿ ತುರಿಕೆ ಏಳುತ್ತದೆ. ಒತ್ತಡ ಬಹುಕಾಲ ಮುಂದುವರಿದರೆ ಹಾನಿಗೊಂಡ ಚರ್ಮ ತನ್ನನ್ನು ಸರಿಪಡಿಸಿಕೊಳ್ಳುವುದೂ ನಿಧಾನವಾಗುತ್ತದೆ. ತುರಿಸಿದಾಗ ಕ್ಷಣಕಾಲ ಹಾಯೆನಿಸಿದರೂ ರಕ್ಷಣಾ ಪದರ ಇನ್ನಷ್ಟು ಹಾಳಾಗುತ್ತದೆ, ತುರಿಕೆ ಇಮ್ಮಡಿಯಾಗುತ್ತದೆ, ಕಾಲಕ್ರಮೇಣ ಆ ಜಾಗದ ಚರ್ಮ ದಪ್ಪಗಾಗಿ ಗೆರೆಗಳು ಎದ್ದು ಕಾಣುತ್ತವೆ. ರಾತ್ರಿ ಚರ್ಮದ ಉಷ್ಣತೆ ಏರಿ, ಉರಿಯೂತವನ್ನು ಹತ್ತಿಕ್ಕುವ ಕಾರ್ಟಿಸಾಲ್ ಎಂಬ ಹಾರ್ಮೋನಿನ ಮಟ್ಟ ತಗ್ಗುವುದರಿಂದ ಈ ಕಾಟ ಹೆಚ್ಚು. ನಿದ್ದೆಗೆಟ್ಟ ಮನಸ್ಸಿಗೆ ಮರುದಿನದ ಸಣ್ಣ ಕಿರಿಕಿರಿಯೂ ಭಾರವಾಗುತ್ತದೆ.

ದೀರ್ಘಕಾಲದ ಇಸುಬು ಅಥವಾ ಸೋರಿಯಾಸಿಸ್ (ಚರ್ಮ ದಪ್ಪಗಾಗಿ ಹೊಟ್ಟು ಏಳುವ ಕಾಯಿಲೆ) ಇರುವವರಲ್ಲಿ ಖಿನ್ನತೆ ಮತ್ತು ಆತಂಕ ಇತರರಿಗಿಂತ ಹೆಚ್ಚಾಗಿ ಕಂಡುಬರುತ್ತವೆ. ಈ ಎರಡು ಚರ್ಮರೋಗಗಳೂ ಅಂಟುರೋಗಗಳಲ್ಲ. ಆದರೂ ಜನ ದೂರ ಸರಿಯುವುದನ್ನು ವರ್ಷಗಟ್ಟಲೆ ಸಹಿಸಿಕೊಂಡವರಿಗೆ ‘ಚಿಂತೆ ಬಿಡು’ ಎನ್ನುವುದು ಗಾಯದ ಮೇಲೆ ಬರೆ ಎಳೆದಂತೆಯೇ ಎಂಬುದನ್ನು ನಿಮ್ಮ ಮನೆಯವರು ದಯವಿಟ್ಟು ಅರಿಯಬೇಕು.

ಆದ್ದರಿಂದ ಎರಡೂ ಚಿಕಿತ್ಸೆಗಳು ಜೊತೆಯಾಗಿ ನಡೆಯಲಿ. ವೈದ್ಯರು ಹೇಳಿದ ಮುಲಾಮನ್ನೂ ತೇವಾಂಶ ಉಳಿಸುವ ಕ್ರೀಮನ್ನೂ ತಪ್ಪದೆ ಹಚ್ಚಿರಿ. ಕೈ ತನ್ನಷ್ಟಕ್ಕೆ ಕತ್ತಿನತ್ತ ಹೋಗುವುದು ಯಾವಾಗ, ಓದುವಾಗಲೋ ಫೋನಿನಲ್ಲಿ ಮಾತನಾಡುವಾಗಲೋ ಎಂದು ಕೆಲವು ದಿನ ಗುರುತು ಹಾಕಿಕೊಳ್ಳಿ. ಆ ಹೊತ್ತಿನಲ್ಲಿ ಮುಷ್ಟಿಯನ್ನು ಸ್ವಲ್ಪ ಹೊತ್ತು ಬಿಗಿಹಿಡಿಯಿರಿ, ಇಲ್ಲವೇ ತುರಿಕೆಯ ಜಾಗವನ್ನು ಅಂಗೈಯಿಂದ ಒತ್ತಿಹಿಡಿಯಿರಿ. ಈ ಅಭ್ಯಾಸವನ್ನು ಮನಶ್ಶಾಸ್ತ್ರಜ್ಞರು ಕ್ರಮವಾಗಿ ಕಲಿಸುತ್ತಾರೆ, ಇದರಿಂದ ಅನೇಕರಿಗೆ ನಿಜವಾದ ಪ್ರಯೋಜನವಾಗಿದೆ. ನಿದ್ದೆ ಮತ್ತು ಮನಃಸ್ಥಿತಿಯ ವಿಷಯವನ್ನು ಚರ್ಮತಜ್ಞರಿಗೂ, ನೀವು ಬಳಸುತ್ತಿರುವ ಔಷಧಗಳನ್ನು ಮನೋವೈದ್ಯರಿಗೂ ಸಂಕೋಚವಿಲ್ಲದೆ ತಿಳಿಸಿ, ಏಕೆಂದರೆ ಸ್ಟೀರಾಯ್ಡ್ ಮಾತ್ರೆಗಳು ಕೆಲವರಲ್ಲಿ ನಿದ್ದೆಯನ್ನೂ ಮನಸ್ಸಿನ ಸಮತೋಲವನ್ನೂ ಕೆಡಿಸುತ್ತವೆ. ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಆಸಕ್ತಿಯಿಲ್ಲದಿದ್ದರೆ ಮನೋವೈದ್ಯರನ್ನು ಕಾಣುವುದನ್ನು ಮುಂದೂಡಬೇಡಿ. ಬದುಕೇ ಬೇಡವೆನಿಸಿದರೆ ಅದೇ ದಿನ ಹತ್ತಿರದವರೊಬ್ಬರನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿ.