ಅಮೆರಿಕದ ಥೆರಪಿ ಬೋರ್ಡಿಂಗ್ ಸ್ಕೂಲ್‌ಗಳಲ್ಲಿ ಇದ್ದು ಬಂದವರ ಅನುಭವ ಹೇಗಿರುತ್ತದೆ?

ನಿಮ್ಮ ಪ್ರಶ್ನೆ ಓದಿ ಎರಡು ದಿನ ಸುಮ್ಮನಿದ್ದೆ. ಡಲ್ಲಾಸ್‌ನಲ್ಲಿರುವ ನಿಮ್ಮ ಅಕ್ಕನ ಮಗನಿಗೆ 15 ವರ್ಷ, ಸ್ಕೂಲಿಗೆ ಹೋಗುತ್ತಿಲ್ಲ, ವೇಪಿಂಗ್ (ಇ-ಸಿಗರೇಟ್) ಚಟ ಹಿಡಿದಿದೆ, ಮನೆಯಲ್ಲಿ ದಿನಾ ಜಗಳ. ಇಂಥ ಮಕ್ಕಳಿಗೆ ಸ್ಕೂಲ್ ಸೂಚಿಸುವ ಯಾರೋ ಕನ್ಸಲ್ಟೆಂಟ್ ಯೂಟಾ ರಾಜ್ಯದ ಒಂದು 'ಥೆರಪ್ಯೂಟಿಕ್ ಬೋರ್ಡಿಂಗ್ ಸ್ಕೂಲ್' ಹೆಸರು ಕೊಟ್ಟಿದ್ದಾರೆ. ಅಂಥ ಕಡೆ ಇದ್ದು ಬಂದವರು ಯಾರಾದರೂ ಇದ್ದರೆ ಹೇಳಿ ಅಂತ ಕೇಳಿದ್ದೀರಿ.

ನಾನು ಇದ್ದು ಬಂದವಳು. 2009ರಲ್ಲಿ, ನನಗೆ 16 ವರ್ಷ ಆಗಿದ್ದಾಗ, ಯೂಟಾದಲ್ಲೇ, 14 ತಿಂಗಳು. ಸ್ಕೂಲಿನ ಹೆಸರು ಬರೆಯುವುದಿಲ್ಲ, ಕೇಳಬೇಡಿ.

ಬೋರ್ಡಿಂಗ್ ಸ್ಕೂಲ್ ಅಂದ ತಕ್ಷಣ ನಮ್ಮವರ ಕಣ್ಣ ಮುಂದೆ ನವೋದಯನೋ, ಊರಾಚೆಯ ಯಾವುದೋ ರೆಸಿಡೆನ್ಶಿಯಲ್ ಸ್ಕೂಲೋ ಬರುತ್ತದೆ. ಬೆಳಿಗ್ಗೆ ಪ್ರಾರ್ಥನೆ, ಸಂಜೆ ವಾಲಿಬಾಲ್, ತಿಂಗಳಿಗೊಮ್ಮೆ ಅಪ್ಪ ಅಮ್ಮ ಕೋಡುಬಳೆ ತಂದು ಕೊಡುವುದು. ಇದು ಅದಲ್ಲ. ದಾರಿ ತಪ್ಪಿದ್ದಾರೆ ಅನ್ನಿಸಿದ ಹದಿಹರೆಯದವರನ್ನು ತಿಂಗಳುಗಟ್ಟಲೆ ಇರಿಸಿಕೊಂಡು ತಿದ್ದುತ್ತೇವೆ ಅನ್ನುವ ಜಾಗ. ನಮ್ಮಲ್ಲಿ ರಾತ್ರಿ ಮಲಗುವ ಮುಂಚೆ ಶೂ ವಾಪಸ್ ಕೊಡಬೇಕಿತ್ತು, ಓಡಿಹೋಗಬಾರದು ಅಂತ. ಬಾತ್‌ರೂಮಿನಲ್ಲಿ ಕೂತಾಗ ಜೋರಾಗಿ ಒಂದು, ಎರಡು, ಮೂರು ಅಂತ ಎಣಿಸುತ್ತಾ ಇರಬೇಕಿತ್ತು, ಒಳಗೇ ಇದ್ದೀವಿ ಅಂತ ಹೊರಗೆ ನಿಂತವರಿಗೆ ಗೊತ್ತಾಗಲಿ ಅಂತ. ಕಾಲೇಜಿಗೆ ಸೇರಿದ ಮೇಲೂ ಒಂದು ತಿಂಗಳು ನಾನು ಹಾಗೇ ಎಣಿಸುತ್ತಿದ್ದೆ. ರೂಮ್‌ಮೇಟ್ ಪಾಪ ಏನೂ ಕೇಳಲಿಲ್ಲ.

ಯಾಕೆ ಕಳಿಸಿದರು ಅಂತ ಹೇಳಲೇಬೇಕು, ಇಲ್ಲದಿದ್ದರೆ ಅಪ್ಪನಿಗೆ ಅನ್ಯಾಯ ಮಾಡಿದ ಹಾಗೆ. ನನಗೆ 11 ವರ್ಷ ಇದ್ದಾಗ ಮೈಸೂರಿನಿಂದ ನ್ಯೂಜೆರ್ಸಿಗೆ ಹೋದೆವು. ಹೈಸ್ಕೂಲಿನಲ್ಲಿ ಮಾರ್ಕ್ಸ್ ಬಿದ್ದುಹೋಯಿತು. ಗಾಂಜಾ ಸೇದಿ ಸಿಕ್ಕಿಬಿದ್ದೆ. ಒಮ್ಮೆ ಎರಡು ರಾತ್ರಿ ಮನೆಗೇ ಬರಲಿಲ್ಲ, ಗೆಳತಿಯ ಮನೆಯಲ್ಲಿದ್ದೆ. ಎಲ್ಲದಕ್ಕೂ ಸುಳ್ಳು ಹೇಳುತ್ತಿದ್ದೆ. ಅಪ್ಪ ಹೆದರಿಬಿಟ್ಟರು. ಅವರ ಸುತ್ತ ಸಲಹೆ ಕೇಳಲು ಅಣ್ಣ ತಮ್ಮ ಯಾರೂ ಇರಲಿಲ್ಲ. ಕನ್ನಡ ಕೂಟದಲ್ಲಿ ಹೇಳಿಕೊಂಡರೆ ಮರ್ಯಾದೆ ಪ್ರಶ್ನೆ. ಆಗ ಸಿಕ್ಕವರು ಒಬ್ಬ ಕನ್ಸಲ್ಟೆಂಟ್. 'ಈಗ ಮಾಡದಿದ್ದರೆ ನಿಮ್ಮ ಮಗಳನ್ನು ಕಳಕೊಳ್ತೀರಿ' ಅಂದರಂತೆ. ನಿಮ್ಮ ಅಕ್ಕನಿಗೂ ಇದೇ ಮಾತು ಹೇಳಿರುತ್ತಾರೆ, ಅಲ್ವಾ?

ಬೆಳಗಿನ ಜಾವ 4 ಗಂಟೆಗೆ ರೂಮಿನ ಲೈಟ್ ಹಾಕಿದರು. ನೋಡಿದರೆ ಇಬ್ಬರು ಅಪರಿಚಿತರು, ಒಬ್ಬ ಗಂಡಸು, ಒಬ್ಬ ಹೆಂಗಸು. 'ಸುಲಭದ ದಾರಿ ಒಂದಿದೆ, ಕಷ್ಟದ ದಾರಿ ಒಂದಿದೆ, ನಿನ್ನಿಷ್ಟ' ಅಂದರು. ಇವರನ್ನು ಟ್ರಾನ್ಸ್‌ಪೋರ್ಟ್ ಅಂತಾರೆ. ಸ್ಕೂಲಿನಲ್ಲಿದ್ದ ಹುಡುಗಿಯರು ಗೂನ್ಸ್, ಅಂದರೆ ಗೂಂಡಾಗಳು, ಅನ್ನುತ್ತಿದ್ದರು. ಇದೊಂದು ಕಾನೂನುಬದ್ಧ ವ್ಯಾಪಾರ, ಅಪ್ಪ ಅಮ್ಮ ದುಡ್ಡು ಕೊಟ್ಟು ಕರೆಸುತ್ತಾರೆ. ಅಪ್ಪ ಬಾಗಿಲ ಹತ್ತಿರ ನನ್ನ ಜಾಕೆಟ್ ಹಿಡಿದುಕೊಂಡು ನಿಂತಿದ್ದರು. ಅಮ್ಮ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. 'ಬಂದರೆ ಡ್ರಾಮಾ ಆಗುತ್ತೆ, ಬರಬೇಡಿ' ಅಂತ ಹೇಳಿಟ್ಟಿದ್ದರಂತೆ.

ಆದರೆ ಅಮ್ಮ ಬ್ಯಾಗಿನಲ್ಲಿ ಒಂದು ಡಬ್ಬಿ ಚಟ್ನಿಪುಡಿ ಇಟ್ಟಿದ್ದಳು. ಅಲ್ಲಿ ತಲುಪಿದ ಮೇಲೆ ಬಟ್ಟೆ ಬಿಚ್ಚಿಸಿ ನೋಡಿ, ಬ್ಯಾಗ್ ಎಲ್ಲಾ ಟೇಬಲ್ ಮೇಲೆ ಸುರಿದರು. ಡಬ್ಬಿ ತೆಗೆದು ಒಬ್ಬಳು ಮೂಸಿದಳು, ಇನ್ನೊಬ್ಬಳನ್ನು ಕರೆದಳು, ಅವಳೂ ಮೂಸಿ ಸೀನಿದಳು. ಅದು ತಿನ್ನೋದು, ಅನ್ನಕ್ಕೆ ಹಾಕಿಕೊಳ್ಳೋದು ಅಂತ ಹೇಳಿದೆ. ಜಿಪ್ ಕವರಿಗೆ ಹಾಕಿ ಮೇಲೆ ಇಂಗ್ಲಿಷಿನಲ್ಲಿ 'ಕಂದು ಪುಡಿ, ಏನೆಂದು ಗೊತ್ತಿಲ್ಲ' ಅಂತ ಬರೆದು ಒಳಗಿಟ್ಟರು. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಅವತ್ತು ಅದೊಂದಕ್ಕೇ ನಾನು ಅತ್ತಿದ್ದು.

ಒಳಗೆ ಎಲ್ಲಾ ಲೆವೆಲ್ ಲೆಕ್ಕ. ಮೊದಲ ಲೆವೆಲ್‌ನಲ್ಲಿ ಅನುಮತಿ ಇಲ್ಲದೆ ಮಾತಾಡುವ ಹಾಗಿಲ್ಲ, ಕಿಟಕಿ ಕಡೆ ನೋಡಿದರೂ ಪಾಯಿಂಟ್ ಕಟ್. ಮೇಲೆ ಹೋದ ಹಾಗೆ ಹಾಡು ಕೇಳಬಹುದು, ಮನೆಗೆ ಫೋನ್ ಮಾಡಬಹುದು. ಒಂದು ತಪ್ಪಾದರೆ ಮತ್ತೆ ಕೆಳಗೆ. ಚಿಕ್ಕಂದಿನ ಹಾವು ಏಣಿ ಆಟ, ಆದರೆ ಹಾವು ಎಲ್ಲಿದೆ ಅಂತ ಅವರಿಗಷ್ಟೇ ಗೊತ್ತು. ನನ್ನನ್ನು ಯಾರೂ ಹೊಡೆಯಲಿಲ್ಲ. ಬೇರೆ ಹುಡುಗಿಯರನ್ನು ನೆಲಕ್ಕೆ ಒತ್ತಿ ಹಿಡಿದಿದ್ದನ್ನು ಮಾತ್ರ ಎಷ್ಟೋ ಸಲ ನೋಡಿದೆ. ಊಟದಲ್ಲಿ ಸಸ್ಯಾಹಾರಿ ಅಂದರೆ ಚೀಸ್ ತುರುಕಿದ ಬ್ರೆಡ್, ಅಷ್ಟೇ. ಪಾಠದ ಬಗ್ಗೆ ಹೇಳುವಂಥದ್ದೇನಿಲ್ಲ, ಪ್ಯಾಕೆಟ್ ಪ್ಯಾಕೆಟ್ ವರ್ಕ್‌ಶೀಟ್.

ನಿಜವಾದ ಕೆಲಸ ನಡೆಯುತ್ತಿದ್ದದ್ದು ಗ್ರೂಪ್‌ನಲ್ಲಿ. ವೃತ್ತದಲ್ಲಿ ಕೂರಿಸುತ್ತಾರೆ. ಒಬ್ಬಳ ಸರದಿ ಬಂದರೆ ಮಿಕ್ಕವರೆಲ್ಲ ಅವಳ ತಪ್ಪು ಎತ್ತಿ ಆಡಬೇಕು. ಸುಮ್ಮನೆ ಕೂತರೆ ನೀನು ಟ್ರೀಟ್‌ಮೆಂಟ್‌ಗೆ ಮನಸ್ಸು ಕೊಡ್ತಿಲ್ಲ ಅಂತ ಪಾಯಿಂಟ್ ಹೋಗುತ್ತದೆ. ಮೂರನೇ ತಿಂಗಳಲ್ಲಿ ನಾನು ಮಾಡಿದ ತಪ್ಪುಗಳನ್ನೆಲ್ಲ ಪಟ್ಟಿ ಮಾಡಿ ಅಪ್ಪನಿಗೆ ಪತ್ರ ಬರೆಯಬೇಕಿತ್ತು. ಇದ್ದದ್ದನ್ನು ಇದ್ದ ಹಾಗೆ ಬರೆದೆ. ಗಾಂಜಾ ನಾಲ್ಕೈದು ಸಲ, ಬಿಯರ್ ಎರಡು ಸಲ, ಅಮ್ಮನ ಪರ್ಸಿನಿಂದ 40 ಡಾಲರ್. ಥೆರಪಿಸ್ಟ್ ಓದಿ ವಾಪಸ್ ಕೊಟ್ಟರು. 'ಇಷ್ಟಕ್ಕೆಲ್ಲ ಯಾರೂ ಇಲ್ಲಿಗೆ ಬರೋದಿಲ್ಲ' ಅಂದರು. ಎರಡನೇ ಸಲ ಇನ್ನಷ್ಟು ಸೇರಿಸಿದೆ. ಮತ್ತೆ ವಾಪಸ್. ಮೂರನೇ ಸಲ ಪಕ್ಕದ ಮಂಚದ ಹುಡುಗಿ ಮಾಡಿದ್ದನ್ನೆಲ್ಲ ನನ್ನದು ಅಂತ ಬರೆದೆ. ಕೊಕೇನ್, ಗುರುತಿಲ್ಲದ ಹುಡುಗರು, ಎಲ್ಲಾ. ಗ್ರೂಪ್‌ನಲ್ಲಿ ಓದುವಾಗ ಅಳಲೂ ಕಲಿತಿದ್ದೆ. ಎಲ್ಲರೂ ತಬ್ಬಿಕೊಂಡರು. ಎರಡನೇ ಲೆವೆಲ್ ಸಿಕ್ಕಿತು. ಆ ಪತ್ರ ನ್ಯೂಜೆರ್ಸಿಗೆ ಪೋಸ್ಟ್ ಆಯಿತು.

ಸುಳ್ಳು ಹೇಳುತ್ತೇನೆ ಅಂತ ನನ್ನನ್ನು ಅಲ್ಲಿಗೆ ಕಳಿಸಿದ್ದು, ನೆನಪಿರಲಿ.

ಆ ಪತ್ರದಲ್ಲಿರುವುದೆಲ್ಲ ನಿಜ ಅಂತ ಅಪ್ಪ ನನಗೆ 26 ಆಗುವವರೆಗೂ ನಂಬಿದ್ದರು. ಹತ್ತು ವರ್ಷ ನನ್ನ ಮುಖ ನೋಡುವಾಗಲೆಲ್ಲ ಅವರ ತಲೆಯಲ್ಲಿ ಆ ಪಟ್ಟಿ ಇತ್ತು. ನನ್ನ ಮಟ್ಟಿಗೆ ನೆಲಕ್ಕೆ ಒತ್ತಿ ಹಿಡಿಯುವುದಕ್ಕಿಂತ ಇದೇ ದೊಡ್ಡ ಹಾನಿ. ಬೇರೆಯವರು ಒಪ್ಪದೆ ಇರಬಹುದು.

ಈ ವೃತ್ತದಲ್ಲಿ ಕೂರಿಸಿ ಬೈಯುವ ಪದ್ಧತಿ ಎಲ್ಲಿಂದ ಬಂತು ಅಂತ ಆಮೇಲೆ ಹುಡುಕಿಕೊಂಡು ಓದಿದೆ. 1958ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಾರ್ಲ್ಸ್ ಡೆಡೆರಿಕ್ ಅನ್ನುವವನು ಸಿನನಾನ್ ಅಂತ ಒಂದು ಸಂಸ್ಥೆ ಶುರು ಮಾಡಿದ, ಡ್ರಗ್ಸ್ ಬಿಡಿಸಲು. ಅಲ್ಲಿ ಇದಕ್ಕೆ 'ದಿ ಗೇಮ್' ಅಂತ ಹೆಸರು. ಮುಂದೆ ಅದು ಒಂದು ಪಂಥವೇ ಆಗಿಹೋಯಿತು. 1978ರಲ್ಲಿ ತಮ್ಮ ವಿರುದ್ಧ ಕೇಸ್ ನಡೆಸಿದ ವಕೀಲನ ಅಂಚೆಪೆಟ್ಟಿಗೆಯಲ್ಲಿ ಬುಡುಬುಡಿಕೆ ಹಾವು ಇಟ್ಟರು, ಅದು ಅವನಿಗೆ ಕಚ್ಚಿತು. ಆತ ಬದುಕಿದ. ಇದಕ್ಕೂ ಮುಂಚೆ, ಸಿನನಾನ್ ಪ್ರಭಾವದಲ್ಲೇ 1967ರಲ್ಲಿ ಹದಿಹರೆಯದವರಿಗಾಗಿ ಸೀಡೂ ಅನ್ನುವ ಸ್ಕೂಲ್ ಹುಟ್ಟಿತು, 2005ರಲ್ಲಿ ಮುಚ್ಚಿತು. ಅಷ್ಟರಲ್ಲಿ ಅಲ್ಲಿ ಕೆಲಸ ಮಾಡಿದವರು ಬೇರೆ ಬೇರೆ ಕಡೆ ಇಂಥವೇ ಸ್ಕೂಲ್ ತೆರೆದಿದ್ದರು. ಹೀಗೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಬಂದಿದೆ. ದೊಡ್ಡ ವಯಸ್ಸಿನ ಡ್ರಗ್ಸ್ ವ್ಯಸನಿಗಳಿಗೆ ಅಂತ ಮಾಡಿದ್ದನ್ನು ಗಣಿತದಲ್ಲಿ ಫೇಲ್ ಆದ ಹುಡುಗಿಗೆ ಹಾಕಿದರು.

ಇನ್ನು ಫೋನ್ ವಿಷಯ. ನಿಮಗೆ ಉತ್ತರ ಬರೆಯಬೇಕು ಅನ್ನಿಸಿದ್ದೇ ಇದಕ್ಕೆ.

ಭಾನುವಾರ 15 ನಿಮಿಷ ಫೋನ್. ಸ್ಪೀಕರ್ ಹಾಕಿ ಥೆರಪಿಸ್ಟ್ ಪಕ್ಕದಲ್ಲೇ ಕೂರುತ್ತಿದ್ದರು. ಇಂಗ್ಲಿಷ್ ಮಾತ್ರ. ಮೊದಲ ಸಲ ಅಮ್ಮ 'ಊಟ ಆಯ್ತಾ ಪುಟ್ಟಿ?' ಅಂದಳು. ನಾನು 'ಇಲ್ಲಮ್ಮ' ಅಂದೆ. ಥೆರಪಿಸ್ಟ್ ಬೆರಳು ಚಾಚಿ ಬಟನ್ ಒತ್ತಿದರು, ಲೈನ್ ಕಟ್. ಮುಂದಿನ ವಾರದ ಫೋನೂ ಹೋಯಿತು. ಅಮ್ಮನ ಇಂಗ್ಲಿಷ್ ಅಂಗಡಿಗೆ, ಬ್ಯಾಂಕಿಗೆ ಸಾಕಾಗುವಷ್ಟಿತ್ತು. ಮಗಳ ಹತ್ತಿರ ಮಾತಾಡುವಷ್ಟಿರಲಿಲ್ಲ. ಆಮೇಲೆ ಅವಳು ಚೀಟಿಯಲ್ಲಿ ಬರೆದುಕೊಂಡು ಓದತೊಡಗಿದಳು. 'ಹೌ ಆರ್ ಯು. ವಿ ಆರ್ ಫೈನ್. ಪ್ಲೀಸ್ ಲಿಸನ್ ಟು ಟೀಚರ್ಸ್.' ಪೇಪರ್ ಸರಸರ ಅನ್ನುವುದು ಕೇಳಿಸುತ್ತಿತ್ತು. ಮೈಸೂರಿನಲ್ಲಿದ್ದ ಅಜ್ಜಿಗೆ ಕನ್ನಡ ಬಿಟ್ಟು ಬೇರೇನೂ ಬರದು, ಹಾಗಾಗಿ ಅಜ್ಜಿ ಫೋನ್ ಪಟ್ಟಿಯಲ್ಲೇ ಇರಲಿಲ್ಲ. ಅವರಿಗೆ ಹಾಸ್ಟೆಲ್ ಅಂತ ಹೇಳಿದ್ದರು.

ಇಂಗ್ಲಿಷ್ ಬಲ್ಲ ಮನೆಯವರಿಗೂ ಹೆಚ್ಚು ಅನುಕೂಲ ಇರಲಿಲ್ಲ ಅನ್ನಿ. ಅಪ್ಪ ಅಮ್ಮಂದಿರಿಗೆ ಮೊದಲೇ ಹೇಳಿರುತ್ತಾರೆ: ಮಗು ಅಳುತ್ತೆ, ಇಲ್ಲಿ ಹಿಂಸೆ ಕೊಡ್ತಾರೆ ಅನ್ನುತ್ತೆ, ಕರ್ಕೊಂಡು ಹೋಗಿ ಅನ್ನುತ್ತೆ, ಅದೆಲ್ಲ ನಿಮ್ಮನ್ನು ಬಗ್ಗಿಸುವ ನಾಟಕ. ಈ ಒಂದು ಮಾತು ಎಷ್ಟು ಗಟ್ಟಿ ನೋಡಿ. ಮಗು ಸುಮ್ಮನಿದ್ದರೆ ಟ್ರೀಟ್‌ಮೆಂಟ್ ಕೆಲಸ ಮಾಡ್ತಿದೆ, ಕೂಗಿಕೊಂಡರೆ ಇನ್ನೂ ಟ್ರೀಟ್‌ಮೆಂಟ್ ಬೇಕು.

ಖರ್ಚು ತಿಂಗಳಿಗೆ 7 ಸಾವಿರ ಡಾಲರ್. 14 ತಿಂಗಳಿಗೆ ಎಷ್ಟಾಯಿತು ಲೆಕ್ಕ ಹಾಕಿ. ಅಪ್ಪ ಮೈಸೂರಿನ ಸೈಟ್ ಮಾರಿದರು.

ಎಲ್ಲರ ಅನುಭವವೂ ನನ್ನದೇ ಅಂತ ಹೇಳಿದರೆ ತಪ್ಪಾಗುತ್ತದೆ. ನನ್ನ ಜೊತೆಗಿದ್ದ ಒಬ್ಬಳು ಇವತ್ತಿಗೂ ಹೇಳುತ್ತಾಳೆ, ಅಲ್ಲಿಗೆ ಹೋಗದಿದ್ದರೆ ಹೆರಾಯಿನ್‌ನಲ್ಲಿ ಸತ್ತೇ ಹೋಗ್ತಿದ್ದೆ ಅಂತ. ನಾನು ವಾದ ಮಾಡುವುದಿಲ್ಲ. ಅವಳಿಗೆ ನಿಜವಾಗಲೂ ಬೀದಿಯಿಂದ ದೂರ ಇರಬೇಕಿತ್ತು. ಆದರೆ ಅವಳನ್ನು ಉಳಿಸಿದ್ದು ಆ ದೂರವೋ, ಆ ವೃತ್ತವೋ ಅಂತ ಕೇಳಿದರೆ ಅವಳೂ ಸ್ವಲ್ಪ ಯೋಚನೆ ಮಾಡುತ್ತಾಳೆ. ಒಬ್ಬ ನೈಟ್ ಸ್ಟಾಫ್ ಕೂಡ ನೆನಪಿದ್ದಾರೆ, ವಯಸ್ಸಾದ ಹೆಂಗಸು. ನನಗೆ ನಿದ್ದೆ ಬರದಾಗ ನಿಮ್ಮ ಊರಿನ ಬಗ್ಗೆ ಹೇಳು ಅನ್ನುತ್ತಿದ್ದರು. ನಿಯಮದ ಪ್ರಕಾರ ಅದೂ ತಪ್ಪು. 14 ತಿಂಗಳಲ್ಲಿ ನನಗೆ ಥೆರಪಿ ಅಂತ ಅನ್ನಿಸಿದ್ದು ಅದೊಂದೇ.

ಈಗ ಕಾಲ ಬದಲಾಗಿದೆಯಾ ಅಂದರೆ ಸ್ವಲ್ಪ ಬದಲಾಗಿದೆ. 2007ರಲ್ಲೇ ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ ಇಂಥ ಕಡೆಗಳ ಬಗ್ಗೆ ಸಾವಿರಾರು ದೂರುಗಳಿವೆ ಅಂತ ಹೇಳಿತ್ತು, 10 ಸಾವಿನ ಪ್ರಕರಣಗಳನ್ನು ಕೂಲಂಕಷವಾಗಿ ನೋಡಿತ್ತು. ಅಪ್ಪ ನನ್ನನ್ನು ಕಳಿಸಿದ್ದು ಅದಾಗಿ ಎರಡು ವರ್ಷಕ್ಕೆ. ಅವರಿಗೆ ಸಿಕ್ಕಿದ್ದು ಕುದುರೆ, ಬೆಟ್ಟ, ನಗುವ ಮಕ್ಕಳ ಫೋಟೋ ಇದ್ದ ಬ್ರೋಷರ್ ಮಾತ್ರ. ದೊಡ್ಡ ಸುದ್ದಿಯಾದದ್ದು ಹಿಲ್ಟನ್ ಹೋಟೆಲ್ ಮನೆತನದ ಟಿವಿ ತಾರೆ ಪ್ಯಾರಿಸ್ ಹಿಲ್ಟನ್ ಬಾಯಿಬಿಟ್ಟ ಮೇಲೆ. ಆಕೆ 90ರ ದಶಕದಲ್ಲಿ ಯೂಟಾದ ಪ್ರೊವೊ ಕ್ಯಾನಿಯನ್ ಸ್ಕೂಲ್‌ನಲ್ಲಿ 11 ತಿಂಗಳು ಇದ್ದವರು. 2020ರಲ್ಲಿ ಅದನ್ನು ಹೇಳಿಕೊಂಡರು, ಮರುವರ್ಷ ಯೂಟಾ ಶಾಸನಸಭೆಯ ಮುಂದೆ ಬಂದು ಸಾಕ್ಷಿ ನುಡಿದರು. ಆ ವರ್ಷವೇ ಯೂಟಾದಲ್ಲಿ ಕಾನೂನು ಬಂತು: ವರ್ಷಕ್ಕೆ ನಾಲ್ಕು ಸಲ ತಪಾಸಣೆ, ಮಕ್ಕಳನ್ನು ಒತ್ತಿ ಹಿಡಿಯಲು, ಒಂಟಿಯಾಗಿ ಕೂಡಿಹಾಕಲು ಮಿತಿ, ಮತ್ತೆ ವಾರಕ್ಕೊಮ್ಮೆ ಮನೆಯವರ ಜೊತೆ ಖಾಸಗಿಯಾಗಿ ಮಾತಾಡುವ ಅವಕಾಶ. ಈ ಕೊನೆಯದನ್ನು ಓದಿದ ದಿನ ನಾನು ಆಫೀಸಿಗೆ ರಜೆ ಹಾಕಿದೆ. 2024ರ ಡಿಸೆಂಬರಿನಲ್ಲಿ ಕೇಂದ್ರದಲ್ಲೂ ಒಂದು ಕಾನೂನಿಗೆ ಸಹಿ ಬಿತ್ತು, ಆದರೆ ಅದು ಯಾವುದನ್ನೂ ನಿಲ್ಲಿಸುವುದಿಲ್ಲ, ಮುಖ್ಯವಾಗಿ ಅಧ್ಯಯನ ಮಾಡಿಸುತ್ತದೆ. ಅದೇ ವರ್ಷ ಫೆಬ್ರವರಿಯಲ್ಲಿ ನಾರ್ತ್ ಕೆರೊಲಿನಾದಲ್ಲಿ ಇಂಥ ಮಕ್ಕಳನ್ನೇ ಕಳಿಸುವ ಒಂದು ಕಾಡಿನ ಶಿಬಿರದಲ್ಲಿ 12 ವರ್ಷದ ಹುಡುಗನೊಬ್ಬ ಬಂದ 24 ಗಂಟೆಯೊಳಗೆ ತೀರಿಕೊಂಡಿದ್ದ. ಹಾಗಾಗಿ ಅದೆಲ್ಲ ಹಳೇ ಕತೆ ಅಂತ ಯಾರಾದರೂ ಅಂದರೆ ನಂಬಬೇಡಿ.

ಅಕ್ಕನಿಗೆ ಏನು ಹೇಳಬೇಕು ಅಂತ ಕೇಳಿದ್ದೀರಿ. ಮೊದಲನೆಯದಾಗಿ, ಆ ಕನ್ಸಲ್ಟೆಂಟ್‌ಗೆ ಸ್ಕೂಲಿನಿಂದ ಏನಾದರೂ ಸಿಗುತ್ತದಾ ಅಂತ ನೇರವಾಗಿ ಕೇಳಲಿ. ಸಂಕೋಚ ಬೇಡ, ಸೈಟ್ ಬ್ರೋಕರ್‌ಗೆ ಕೇಳಲ್ವಾ? ಯೂಟಾ ಲೈಸೆನ್ಸಿಂಗ್ ಇಲಾಖೆಯ ತಪಾಸಣೆ ವರದಿಗಳನ್ನು ಯಾರು ಬೇಕಾದರೂ ನೋಡಬಹುದು, ಬ್ರೋಷರ್ ಬದಿಗಿಟ್ಟು ಅದನ್ನು ಓದಲಿ. ರಾತ್ರಿ ಬಂದು ಎತ್ತಿಕೊಂಡು ಹೋಗುವವರನ್ನು ಮಾತ್ರ ಯಾವ ಕಾರಣಕ್ಕೂ ಕರೆಸಬೇಡಿ ಅನ್ನಿ. ಇವತ್ತಿಗೂ ಬೆಳಗಿನ ಜಾವ 4ಕ್ಕೆ ನನಗೆ ಎಚ್ಚರ ಆಗುತ್ತದೆ, ಅಲಾರಂ ಬೇಕಾಗಿಲ್ಲ. ಹತ್ತಿರದಲ್ಲೇ ಮನೆಗೆ ವಾಪಸ್ ಬರುವಂಥ ಡೇ ಪ್ರೋಗ್ರಾಂ ಇದೆಯಾ ನೋಡಲಿ. ಹುಡುಗ ಸ್ಕೂಲಿಗೆ ಯಾಕೆ ಹೋಗ್ತಿಲ್ಲ ಅಂತ ಅಮ್ಮ ಅಪ್ಪ ಅಲ್ಲದ ಯಾರಾದರೂ, ಒಬ್ಬ ಒಳ್ಳೆಯ ಮನೋವೈದ್ಯರು, ಕೂತು ಕೇಳಿದ್ದಾರಾ? ನನ್ನನ್ನು ಆ ಒಂದು ಪ್ರಶ್ನೆ ಯಾರೂ ಕೇಳಿರಲಿಲ್ಲ. ಕ್ಲಾಸಿನಲ್ಲಿ ಒಂದು ಗುಂಪು ನನ್ನನ್ನು ಕಾಡಿಸಲು ಹಿಂದೆ ಬಿದ್ದಿತ್ತು, ಅಷ್ಟೇ.

ಕೊನೆಗೆ, ಆ ಸ್ಕೂಲಿಗೆ ಫೋನ್ ಮಾಡಿ, ನನ್ನ ಮಗನ ಹತ್ತಿರ ಪ್ರತಿ ವಾರ ಕನ್ನಡದಲ್ಲಿ ಮಾತಾಡ್ತೀನಿ, ಲೈನ್‌ನಲ್ಲಿ ಬೇರೆ ಯಾರೂ ಇರಬಾರದು ಅಂತ ಹೇಳಲಿ. ಆ ಕಡೆಯಿಂದ ಏನು ಉತ್ತರ ಬರುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ ಅಂತ ಗಮನಿಸಲಿ. ಅಡ್ವಾನ್ಸ್ ಕಟ್ಟಿಯಾಗಿದ್ದರೆ ಅದು ಹೋದರೆ ಹೋಗಲಿ.

ಚಟ್ನಿಪುಡಿ ಬಿಡುಗಡೆಯ ದಿನ ವಾಪಸ್ ಸಿಕ್ಕಿತು, ಅದೇ ಕವರಿನಲ್ಲಿ, ಅದೇ ಚೀಟಿ ಸಮೇತ. ಅಮ್ಮ ಏರ್‌ಪೋರ್ಟಿನಲ್ಲಿ ಕವರ್ ತೆಗೆದು ಮೂಸಿ, 'ಕಮಟು ವಾಸನೆ ಬಂದಿದೆ' ಅಂತ ಕಸದ ಬುಟ್ಟಿಗೆ ಹಾಕಿದಳು. ಬೇರೆ ಏನೂ ಮಾತಾಡಲಿಲ್ಲ. ಇಬ್ಬರೂ ಸರಿಯಾಗಿ ಮಾತಾಡುವುದಕ್ಕೆ ಎಷ್ಟೋ ವರ್ಷ ಹಿಡಿಯಿತು.

ನಿಮ್ಮ ಅಕ್ಕ ಇಷ್ಟಪಟ್ಟರೆ ಮೆಸೇಜ್ ಮಾಡಲಿ, ನಾನು ಮಾತಾಡುತ್ತೇನೆ. ಭಾವನವರು ಬೇಕಾದರೂ ಮಾಡಲಿ. ಭಾನುವಾರ ಸಂಜೆ ಮಾತ್ರ ಬೇಡ, ಆಗ ಅಮ್ಮನ ಜೊತೆ ಫೋನ್‌ನಲ್ಲಿರುತ್ತೇನೆ, ಎಷ್ಟು ಹೊತ್ತಾಗುತ್ತೋ ಹೇಳೋಕಾಗಲ್ಲ.