ವಿಮಾ ಕಂಪನಿ ಬದಲಿಸುವಾಗ ನಡುವೆ ಒಂದು ದಿನವೂ ಖಾಲಿ ಉಳಿಯಬಾರದು

ಪ್ರಶ್ನೆ: ನಾನು ಗಂಗಾವತಿಯಲ್ಲಿ ಪ್ರೌಢಶಾಲಾ ಶಿಕ್ಷಕ. ನನ್ನ ಕಾರಿನ ವಿಮೆ ಇದೇ ನವೆಂಬರ್ 14ರ ಮಧ್ಯರಾತ್ರಿಗೆ ಮುಗಿಯುತ್ತದೆ. ನಾಲ್ಕು ವರ್ಷಗಳಿಂದ ಒಂದೂ ಕ್ಲೇಮ್ ಮಾಡಿಲ್ಲ. ಈಗಿನ ಕಂಪನಿ ಕೇಳುತ್ತಿರುವ ಪ್ರೀಮಿಯಂ ಹೆಚ್ಚೆನಿಸಿದ್ದರಿಂದ ಬೇರೆ ಕಂಪನಿಗೆ ಹೋಗಬೇಕೆಂದಿದ್ದೇನೆ. ಪರಿಚಯದ ಏಜೆಂಟರೊಬ್ಬರು, ‘90 ದಿನಗಳ ಅವಕಾಶವಿದೆ ಸರ್, ಭತ್ತದ ದುಡ್ಡು ಕೈಗೆ ಬಂದ ಮೇಲೆ ಕಟ್ಟಿದರಾಯಿತು’ ಎನ್ನುತ್ತಿದ್ದಾರೆ. ಇದು ಸರಿಯೇ? ಹಳೆಯ ಪಾಲಿಸಿಯನ್ನು ರದ್ದು ಮಾಡಿಸಬೇಕೇ? ಬೋನಸ್ ಹೋಗುತ್ತದೆಯೇ?
– ಹೆಸರು ಬೇಡ, ಗಂಗಾವತಿ

ಉತ್ತರ: ದಯವಿಟ್ಟು ಭತ್ತದ ದುಡ್ಡಿಗಾಗಿ ಕಾಯಬೇಡಿ. ಏಜೆಂಟರು ಹೇಳಿದ 90 ದಿನಗಳು ಇರುವುದು ನಿಜ, ಆದರೆ ಅವು ನಿಮ್ಮ ನೋ ಕ್ಲೇಮ್ ಬೋನಸ್ ಉಳಿಸಿಕೊಳ್ಳುವುದಕ್ಕೆ ಮಾತ್ರ. ಆ ದಿನಗಳಲ್ಲಿ ಕಾರಿಗೆ ಯಾವ ರಕ್ಷಣೆಯೂ ಇರುವುದಿಲ್ಲ. ಜೀವ ವಿಮೆಯಲ್ಲಿ ವರ್ಷಕ್ಕೊಮ್ಮೆ ಕಂತು ಕಟ್ಟುವವರಿಗೆ 30 ದಿನಗಳ ಗ್ರೇಸ್ ಅವಧಿ ಇರುವುದರಿಂದ ವಾಹನ ವಿಮೆಗೂ ಹಾಗೆಯೇ ಇದ್ದೀತು ಎಂದು ನಮ್ಮಲ್ಲಿ ಬಹಳ ಮಂದಿ ನಂಬಿದ್ದಾರೆ. ವಾಹನ ವಿಮೆ ಹಾಗಲ್ಲ. 14ರ ಮಧ್ಯರಾತ್ರಿ ದಾಟಿತೆಂದರೆ ನಿಮ್ಮ ಕಾರು ವಿಮೆಯಿಲ್ಲದ ಕಾರು.

ಇದು ನಿಮ್ಮ ಊರಿನಲ್ಲಿ ಯಾವ ಹೊತ್ತಿಗೆ ಬರುತ್ತಿದೆ ಎಂಬುದನ್ನೂ ಯೋಚಿಸಿ. ಕೊಯ್ಲಿನ ದಿನಗಳಲ್ಲಿ ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ರಸ್ತೆಗಳಲ್ಲಿ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು ಓಡಾಡುತ್ತವೆ, ಡಾಂಬರಿನ ಅರ್ಧ ಭಾಗದಲ್ಲಿ ಭತ್ತ ಒಣಗುತ್ತಿರುತ್ತದೆ. ಅಂಥ ರಸ್ತೆಯಲ್ಲಿ ನಿಮ್ಮ ಕಾರಿನಿಂದ ಯಾರಿಗಾದರೂ ಪೆಟ್ಟಾಗಿ ಪ್ರಕರಣ ನ್ಯಾಯಮಂಡಳಿಗೆ ಹೋದರೆ, ವಿಮೆಯಿಲ್ಲದಿದ್ದಾಗ ಪರಿಹಾರದ ಇಡೀ ಮೊತ್ತ ಮಾಲೀಕರ ಮೇಲೆಯೇ ಬೀಳುತ್ತದೆ. ಅದನ್ನು ತೆರುವ ಶಕ್ತಿ ನಮಗಿಲ್ಲದಿದ್ದರೆ ಪೆಟ್ಟು ತಿಂದವರ ಮನೆಯವರೂ ಬರಿಗೈಯಲ್ಲಿ ಉಳಿಯುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮು ಥರ್ಡ್ ಪಾರ್ಟಿ ವಿಮೆಯನ್ನು ಕಡ್ಡಾಯ ಮಾಡಿರುವುದು ಈ ಕಾರಣಕ್ಕೇ. ವಿಮೆಯಿಲ್ಲದೆ ಓಡಿಸಿದರೆ 196ನೇ ಕಲಮಿನಡಿ ಮೊದಲ ಸಲ 2,000 ರೂಪಾಯಿ ದಂಡ, ಮೂರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು.

ನೀವು ಮಾಡಬೇಕಾದುದು ಇಷ್ಟು. ಅವಧಿ ಮುಗಿಯಲು ಎರಡು ಮೂರು ವಾರ ಇರುವಾಗಲೇ ಹೊಸ ಕಂಪನಿಯ ಪಾಲಿಸಿ ಕೊಂಡು, ಅದರ ಆರಂಭವನ್ನು ನವೆಂಬರ್ 15ರ 00:00 ಗಂಟೆಗೆ ಬರೆಸಿ. ದುಡ್ಡು ಮೊದಲೇ ಕಟ್ಟಿದರೂ ಹಳೆಯ ಪಾಲಿಸಿಯ ಒಂದು ದಿನವೂ ವ್ಯರ್ಥವಾಗುವುದಿಲ್ಲ. ಅದನ್ನು ರದ್ದು ಮಾಡಿಸುವ ಅಗತ್ಯವೂ ಇಲ್ಲ, ಅದು ತನ್ನ ದಿನಕ್ಕೆ ತಾನೇ ಮುಗಿಯುತ್ತದೆ. ಪ್ರೀಮಿಯಂ ಕೈಸೇರದೆ ವಿಮಾ ಕಂಪನಿ ಹೊಣೆ ಹೊರುವಂತಿಲ್ಲ ಎಂಬುದು 1938ರ ವಿಮಾ ಕಾಯ್ದೆಯ ನಿಯಮ. ಆದ್ದರಿಂದ ಚೆಕ್ ಕೊಟ್ಟು ಅದು ವಾಪಸು ಬಂದರೆ ಕೈಯಲ್ಲಿರುವ ಪಾಲಿಸಿ ಬರೀ ಕಾಗದವಾಗಿಬಿಡಬಹುದು. ಫೋನಿನಿಂದಲೋ ಬ್ಯಾಂಕಿನಿಂದಲೋ ನೇರವಾಗಿ ಕಟ್ಟಿ ರಸೀದಿ ಇಟ್ಟುಕೊಳ್ಳಿ.

ಪಾಲಿಸಿ ಬಂದ ಕೂಡಲೇ ಮೊದಲ ಪುಟದಲ್ಲಿ ‘ಈ ದಿನದಿಂದ – ಈ ದಿನದವರೆಗೆ’ ಎಂದು ಅವಧಿ ತಿಳಿಸುವ ಸಾಲನ್ನು ಹಳೆಯ ಪಾಲಿಸಿಯ ಪಕ್ಕದಲ್ಲಿಟ್ಟು ಓದಿ. ಕೆಲವು ವರ್ಷಗಳ ಹಿಂದೆ ಬಳ್ಳಾರಿಯಲ್ಲಿ ನಾನೇ ಇದನ್ನು ಮಾಡದೆ ಕೆಟ್ಟೆ. ಹಳೆಯದು 9ಕ್ಕೆ ಮುಗಿಯುತ್ತಿತ್ತು, ಅರ್ಜಿ ತುಂಬಿದವರು ಹೊಸದನ್ನು 12ರಿಂದ ಎಂದು ಬರೆದಿದ್ದರು, ನಾನು ಮೊತ್ತವನ್ನಷ್ಟೇ ನೋಡಿ ಕಾಗದ ಮಡಚಿಟ್ಟಿದ್ದೆ. 10ರ ಸಂಜೆ ಯಾವುದೋ ಚೀಟಿ ಹುಡುಕುವಾಗ ಅದು ಕಣ್ಣಿಗೆ ಬಿತ್ತು. ಅಂದು ಬೆಳಿಗ್ಗೆಯಷ್ಟೇ ತಾಯಿಯನ್ನು ಕೂರಿಸಿಕೊಂಡು ಅದೇ ಕಾರಿನಲ್ಲಿ ಸಂಡೂರಿಗೆ ಹೋಗಿ, ಅದಿರು ಲಾರಿಗಳ ನಡುವೆಯೇ ಮರಳಿದ್ದೆ. ಆ ರಾತ್ರಿ ನನಗೆ ಸರಿಯಾಗಿ ನಿದ್ರೆ ಬರಲಿಲ್ಲ.

ಒಂದು ವೇಳೆ ಅಂತರ ಉಳಿದೇಹೋದರೆ, ನಿಮ್ಮ ಕಾರಿನ ಹಾನಿಗೂ ರಕ್ಷಣೆ ಬೇಕೆಂದಾಗ ಹೊಸ ಕಂಪನಿ ವಾಹನದ ತಪಾಸಣೆ ಕೇಳುತ್ತದೆ. ಈಗ ಅದು ಸಾಮಾನ್ಯವಾಗಿ ಫೋನಿನ ವಿಡಿಯೊದಲ್ಲೇ ಆಗುತ್ತದೆ: ಕಾರಿನ ನಾಲ್ಕೂ ಬದಿ, ಗಾಜು, ಓಡಿದ ಕಿಲೋಮೀಟರು, ಚಾಸಿ ನಂಬರು. ಅದರಲ್ಲಿ ಕಂಡ ಗೀರು, ತಗ್ಗುಗಳಿಗೆ ಮುಂದೆ ಪರಿಹಾರ ಸಿಗುವುದಿಲ್ಲ.

ಇನ್ನು ಬೋನಸ್. ಅದು ಕಂಪನಿಗೂ ಸೇರಿದ್ದಲ್ಲ, ಕಾರಿಗೂ ಸೇರಿದ್ದಲ್ಲ. ಮಾಲೀಕರಾದ ನಿಮ್ಮದು, ನಿಮ್ಮೊಡನೆ ಹೊಸ ಕಂಪನಿಗೂ ಬರುತ್ತದೆ. ಕ್ಲೇಮ್ ಇಲ್ಲದ ವರ್ಷಗಳಿಗೆ ಕ್ರಮವಾಗಿ ಶೇ 20, 25, 35, 45, 50ರ ರಿಯಾಯಿತಿ ಇದ್ದು, ಅದು ಸ್ವಂತ ವಾಹನದ ಹಾನಿಯ ಪ್ರೀಮಿಯಂಗೆ ಮಾತ್ರ ಅನ್ವಯಿಸುತ್ತದೆ. ನಾಲ್ಕು ವರ್ಷ ಪೂರೈಸಿದ ನಿಮಗೆ ಶೇ 45 ಸಲ್ಲಬೇಕು. ಆ ಭಾಗದ ಪ್ರೀಮಿಯಂ 8,000 ರೂಪಾಯಿ ಇದ್ದರೆ 3,600 ರೂಪಾಯಿ ಉಳಿಯಿತು. ನಿಮ್ಮ ಈಗಿನ ಪಾಲಿಸಿಯಲ್ಲಿ ಶೇ 35 ಎಂದಿದ್ದರೆ ಗಾಬರಿಯಾಗಬೇಡಿ, ಅದು ಕಳೆದ ನವೀಕರಣದ ಲೆಕ್ಕ. ಹೊಸ ಅರ್ಜಿಯಲ್ಲಿ ಇದ್ದದ್ದನ್ನು ಇದ್ದಂತೆ ಬರೆಯಿರಿ. ಕಂಪನಿಗಳು ಪರಸ್ಪರ ವಿಚಾರಿಸುತ್ತವೆ, ಪಡೆದ ಕ್ಲೇಮನ್ನು ಮುಚ್ಚಿಟ್ಟು ಬೋನಸ್ ಪಡೆದವರು ಮುಂದೆ ಕಾರಿನ ಹಾನಿಗೆ ಕ್ಲೇಮ್ ಹಾಕಿದಾಗ ಸಿಕ್ಕಿಬೀಳುತ್ತಾರೆ. ಕಾರಿನ ಮೇಲೆ ಸಾಲವಿದ್ದರೆ ಬ್ಯಾಂಕಿನ ಹೆಸರು ಹೊಸ ಪಾಲಿಸಿಯಲ್ಲೂ ಇರಲಿ. ಹೆಸರು, ಎಂಜಿನ್ ಮತ್ತು ಚಾಸಿ ನಂಬರುಗಳು ಆರ್‌ಸಿಯಲ್ಲಿ ಇರುವಂತೆಯೇ ಇರಲಿ.

ಪ್ರಶ್ನೆ: 2024ರ ಜುಲೈನಲ್ಲಿ ಹೊಸ ಕಾರು ಕೊಂಡೆ. ಥರ್ಡ್ ಪಾರ್ಟಿ ವಿಮೆ ಮೂರು ವರ್ಷಕ್ಕಿದೆ. ಈ ಮಧ್ಯೆ ಕಂಪನಿ ಬದಲಿಸಬಹುದೇ?
– ಓದುಗರು, ಸಿಂಧನೂರು

ಉತ್ತರ: ಬದಲಿಸಬಹುದು. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರುಗಳಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಗಿದೆ. ಅದು 2027ರ ಜುಲೈವರೆಗೆ ಹಳೆಯ ಕಂಪನಿಯಲ್ಲೇ ಮುಂದುವರಿಯುತ್ತದೆ. ವರ್ಷಕ್ಕೊಮ್ಮೆ ಮುಗಿಯುವ ಸ್ವಂತ ಹಾನಿಯ ಪಾಲಿಸಿಯನ್ನು ಮಾತ್ರ ಬೇರೆ ಕಂಪನಿಯಿಂದ ಕೊಳ್ಳಬಹುದು, ಆಗ ಥರ್ಡ್ ಪಾರ್ಟಿ ಪಾಲಿಸಿಯ ಸಂಖ್ಯೆ ಮತ್ತು ಅವಧಿಯನ್ನು ಅವರಿಗೆ ತಿಳಿಸಬೇಕು. ಮೇಲೆ ಹೇಳಿದ ದಿನಾಂಕದ ಎಚ್ಚರಿಕೆ ನಿಮಗೂ ಅನ್ವಯಿಸುತ್ತದೆ. ಎರಡು ಪಾಲಿಸಿಗಳ ಪ್ರತಿಯನ್ನೂ ಕಾರಿನಲ್ಲಿಟ್ಟುಕೊಳ್ಳಿ, ಥರ್ಡ್ ಪಾರ್ಟಿ ಮುಗಿಯುವ ದಿನವನ್ನು ಪ್ರತ್ಯೇಕವಾಗಿ ಬರೆದಿಡಿ.