‘ಇಫ್ ವಿ ವರ್ ವಿಲನ್ಸ್’ ಓದುವ ಮುನ್ನ ಶೇಕ್ಸ್‌ಪಿಯರ್ ಓದಿರಬೇಕೇ?

ಓದಿರಬೇಕೇ, ಅಷ್ಟು ಹೊಗಳಿಕೆಗೆ ತಕ್ಕುದೇ ಎಂದು ಕೇಳಿದ್ದೀರಿ. ಮೊದಲನೆಯದಕ್ಕೆ ಉತ್ತರ: ಬೇಕಿಲ್ಲ. ಇದೇ ನೆಪ ಹೇಳಿಕೊಂಡು ಎಂ. ಎಲ್. ರಿಯೋ ಅವರ ಈ ಕಾದಂಬರಿಯನ್ನು ನಾನು ಎರಡು ವರ್ಷ ಕಪಾಟಿನಲ್ಲಿ ಕೂರಿಸಿದ್ದೆ. ಇನ್‌ಸ್ಟಾಗ್ರಾಂ ತೆರೆದರೆ ಸಾಕು, ಯಾರಾದರೊಬ್ಬರು ಮೇಣದಬತ್ತಿಯ ಪಕ್ಕ ಅದನ್ನಿಟ್ಟು ಫೋಟೊ ಹಾಕಿರುತ್ತಿದ್ದರು. ‘ಜೂಲಿಯಸ್ ಸೀಸರ್’, ‘ಮ್ಯಾಕ್‌ಬೆತ್’, ‘ಕಿಂಗ್ ಲಿಯರ್’ ಮುಗಿಸಿಯೇ ಕೈಹಾಕುತ್ತೇನೆ ಎಂದು ಶಪಥ ಮಾಡಿದವನು ಸೀಸರ್‌ನ ಎರಡನೆಯ ಅಂಕದಲ್ಲೇ ನಿದ್ದೆಹೋದೆ.

ಕಡೆಗೂ ಓದಿದ್ದು ಹೋದ ಮಳೆಗಾಲದಲ್ಲಿ, ಜ್ವರ ಬಂದು ಮಲಗಿದ್ದಾಗ. ಇಲಿನಾಯ್ ರಾಜ್ಯದ ಒಂದು ಕಾಲ್ಪನಿಕ ನಾಟಕ ಶಾಲೆ, 1997, ಕೊನೆಯ ವರ್ಷದ ಏಳು ವಿದ್ಯಾರ್ಥಿಗಳು. ಅವರಲ್ಲೊಬ್ಬ ಸರೋವರದಲ್ಲಿ ಸಾಯುತ್ತಾನೆ. ಅವರಲ್ಲೇ ಇನ್ನೊಬ್ಬ, ಹತ್ತು ವರ್ಷ ಜೈಲಿನಲ್ಲಿದ್ದು ಹೊರಬಂದ ಆಲಿವರ್, ಹಳೆಯ ಪತ್ತೇದಾರನಿಗೆ ನಡೆದದ್ದನ್ನು ಹೇಳುತ್ತಾನೆ. ಕೊಂದವರು ಯಾರು ಎಂಬ ಆತುರ ನನಗೆ.

ನಾನು ಕೆಟ್ಟದ್ದೇ ಅಲ್ಲಿ. ಈ ಹುಡುಗರು ಊಟಕ್ಕೆ ಕುಳಿತರೂ ಜಗಳವಾಡಿದರೂ ಶೇಕ್ಸ್‌ಪಿಯರ್‌ನ ಸಾಲುಗಳಲ್ಲೇ ಮಾತನಾಡುತ್ತಾರೆ. ಮೊದಲ ಐವತ್ತು ಪುಟದಲ್ಲೇ ಅದು ತಲೆಚಿಟ್ಟು ಹಿಡಿಸಿತು. ಪದ್ಯದ ಸಾಲು ಕಂಡರೆ ಸಾಕು, ಹಾರಿಸಿ ಮುಂದೆ ಓಡಿದೆ. ತಾಳಮದ್ದಳೆಗೆ ಹೋಗಿ, ಭಾಗವತರು ಪದ್ಯ ಎತ್ತಿದಾಗಲೆಲ್ಲ ಚಹಾಕ್ಕೆ ಎದ್ದು ಹೋಗಿ, ಅರ್ಥಕ್ಕೆ ಮಾತ್ರ ಬಂದು ಕುಳಿತ ಹಾಗೆ. ಕಥೆಗೇನೂ ತೊಡಕಾಗಲಿಲ್ಲ, ಅಥವಾ ಹಾಗೆಂದುಕೊಂಡೆ. ಯಾರು ಯಾರ ಮೇಲೆ ಪ್ರೀತಿ ಇಟ್ಟಿದ್ದಾರೆ, ಯಾರಿಗೆ ಯಾರ ಭಯ ಎಂಬುದನ್ನು ಗದ್ಯದಲ್ಲಿ ಬಾಯಿಬಿಡದವರು ಆ ಸಾಲುಗಳಲ್ಲೇ ಒಪ್ಪಿಕೊಳ್ಳುತ್ತಿದ್ದರು ಎಂಬುದು ನನಗೆ ಹೊಳೆಯಲೇ ಇಲ್ಲ.

ಮುಗಿಸಿ, ‘ಪಾಪ’ ಎಂದು ಮಡಚಿ ತಂಗಿಗೆ ಕೊಟ್ಟೆ. ವಾರದ ಬಳಿಕ ಅವಳು ಕೇಳಿದಳು: ‘ಅಣ್ಣಾ, ಕೊನೆಯ ಪತ್ರ ಓದಿ ನಿನಗೆ ಏನೂ ಅನ್ನಿಸಲಿಲ್ಲವೇ?’

ಯಾವ ಪತ್ರ? ಪತ್ರವಿತ್ತು. ಪದ್ಯದಲ್ಲಿತ್ತು. ಅಭ್ಯಾಸಬಲದಿಂದ ಅದನ್ನೂ ಹಾರಿಸಿದ್ದೆ. ಶೇಕ್ಸ್‌ಪಿಯರ್‌ನ ‘ಪೆರಿಕ್ಲಿಸ್’ ನಾಟಕದ ಸಾಲುಗಳವು. ಹಡಗೊಡೆದು, ಅಲೆಗಳು ದಡಕ್ಕೆಸೆದ ರಾಜಕುಮಾರನ ಮಾತು. ಯಾರು ಬರೆದದ್ದೆಂದು ಹೇಳಿದರೆ ನಿಮ್ಮ ಓದು ಕೆಡುತ್ತದೆ. ಇಷ್ಟು ಹೇಳಬಲ್ಲೆ: ಆ ಕೆಲವು ಸಾಲುಗಳನ್ನು ಬಿಟ್ಟರೆ ಕಾದಂಬರಿಯ ಮುಕ್ತಾಯವೇ ಬೇರೆ. ನಾನು ನಾನೂರು ಚಿಲ್ಲರೆ ಪುಟಗಳನ್ನು ಓದಿ ತಪ್ಪು ಮುಕ್ತಾಯದೊಂದಿಗೆ ಎಂಟು ದಿನ ಬದುಕಿದ್ದೆ.

ಆದ್ದರಿಂದ ಮೊದಲು ನಾಟಕಗಳನ್ನು ಓದಿ ಸಿದ್ಧರಾಗುವ ಸಾಹಸ ಬೇಡ. ಸೀಸರ್‌ನನ್ನು ಬ್ರೂಟಸ್ ಇರಿಯುತ್ತಾನೆ ಎಂಬಷ್ಟು ಗೊತ್ತಿದ್ದರೆ ಧಾರಾಳ. ಸಾಲು ಅರ್ಥವಾಗದಿದ್ದರೆ ಗಟ್ಟಿಯಾಗಿ ಓದಿ, ಹಾರಿಸಬೇಡಿ. ಇನ್ನು ಹೊಗಳಿಕೆಗೆ ತಕ್ಕುದೇ ಎಂಬ ಪ್ರಶ್ನೆ. ಹೊಗಳಿದವರನ್ನು ಮರೆತುಬಿಡಿ. ಕಾಲೇಜು ಗೆಳೆಯರ ನಡುವಿನ ಕೊಲೆಯದೇ ಕಥೆಯಾದ ಡೊನಾ ಟಾರ್ಟ್ ಅವರ ‘ದಿ ಸೀಕ್ರೆಟ್ ಹಿಸ್ಟರಿ’ ಕಾದಂಬರಿಯ ಪಕ್ಕ ನಿಲ್ಲಿಸಿದರೆ ಇದು ಸಣ್ಣದಾಗಿ ಕಾಣುತ್ತದೆ, ಫಿಲಿಪ್ಪಾ ಎಂಬ ಹುಡುಗಿಗಂತೂ ಲೇಖಕಿ ಅನ್ಯಾಯವನ್ನೇ ಮಾಡಿದ್ದಾರೆ. ಆದರೂ ಎರಡನೆಯ ಸಲ ಓದಿದೆ, ಈ ಬಾರಿ ಪದ್ಯ ಸಮೇತ.

‘ಪೆರಿಕ್ಲಿಸ್’ ಪೂರ್ತಿ ಓದಿಲ್ಲ ಇನ್ನೂ. ಎರಡನೆಯ ಅಂಕದ ಮೊದಲ ದೃಶ್ಯವನ್ನು ಮಾತ್ರ ಮೂರು ಸಲ ಓದಿದ್ದೇನೆ.